ಟವಲ್ ಕೆಳಗಿನ ಬೆರಳು

ನನ್ನ ಕಾಯಿಲೆ ಕೈಗೆ ಬರುವ ಮೊದಲು ಮೂಗಿಗೆ ಬಂದಿತ್ತು. ಹೀಗಂದರೆ ಜನ ನಗುತ್ತಾರೆ. ನಗಲಿ ಬಿಡಿ. ಅಟ್ಟದ ತುಂಬ ಕಾಯಿ ಒಣಗಿ ಕೊಬ್ಬರಿಯಾಗುವ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು, ಕೊಬ್ಬರಿ ವಾಸನೆ ಅಂದರೆ ನಮಗೆ ಮನೆಯ ವಾಸನೆ. ಒಂದು ದಿನ ತಿಪಟೂರಿನ ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿ ಬಗ್ಗಿದರೆ ಏನೂ ಬರಲಿಲ್ಲ. ಗೋಣಿಯದ್ದೂ ಇಲ್ಲ, ಕೊಬ್ಬರಿಯದ್ದೂ ಇಲ್ಲ. ನೆಗಡಿ ಇರಬೇಕು ಅಂದುಕೊಂಡೆ. ಆ ನೆಗಡಿ ಹೋಗಲೇ ಇಲ್ಲ. ಆಮೇಲೆ ಎಡಗೈಯ ಹೆಬ್ಬೆರಳು ಬೀಡಿ ಕಟ್ಟುವವರ ಬೆರಳಿನ ಹಾಗೆ ತನ್ನಷ್ಟಕ್ಕೆ ತಾನೇ ಹೊಸೆಯೋಕೆ ಶುರು ಮಾಡಿತು.

ಇದನ್ನೆಲ್ಲ ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಸೊಸೆ ಬರೆದುಕೊಳ್ಳುತ್ತಿದ್ದಾಳೆ. ನಾನೇ ಬರೆದರೆ ಸಾಲಿನ ಶುರುವಿನಲ್ಲಿ ದಪ್ಪಗಿದ್ದ ಅಕ್ಷರ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆ ಆಗಿರುತ್ತದೆ. ನಡುವೆ ಬೈಗುಳ ಬಂದರೆ ತೆಗೆದುಬಿಡಮ್ಮ ಅಂತ ಹೇಳಿದ್ದೇನೆ. "ತೆಗೆಯಲ್ಲ ಮಾವ, ಅದಿಲ್ದಿದ್ರೆ ಹೇಳ್ತಿರೋದು ನೀವು ಅಂತ ಯಾರಿಗೂ ಗೊತ್ತಾಗಲ್ಲ" ಅಂತಾಳೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ವರ್ಷಗಳಲ್ಲಿ ನಾನು ಕೂಗಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೋಪ ಅಲ್ಲ, ಭಯ. ಕೋಪ ಅಂತ ಎಲ್ಲರೂ ಅಂದುಕೊಂಡಿದ್ದು ನನಗೂ ಅನುಕೂಲವೇ ಆಗಿತ್ತು.

ಭಯ ಯಾಕೆ ಅಂದರೆ, ಈ ಕಾಯಿಲೆಯನ್ನು ನಾನು ಮೊದಲೇ ನೋಡಿದ್ದೆ. ಅಪ್ಪನಿಗೂ ಇದೇ ಇತ್ತು. ಆ ಕಾಲದಲ್ಲಿ ಹೆಸರು ಯಾರಿಗೆ ಗೊತ್ತು, ವಾಯು ಅಂದರು, ಎಣ್ಣೆ ಹಚ್ಚಿದರು, ಹರಕೆ ಕಟ್ಟಿಕೊಂಡರು. ಕೈ ನಡುಗಿತು, ಕಾಲು ಎಳೆಯಿತು, ಅದೆಲ್ಲ ಸರಿ, ಮುದುಕರಾದರೆ ಆಗುತ್ತೆ ಅಂದುಕೊಂಡೆವು. ಆಮೇಲೆ ತಲೆ ಹೋಯ್ತು. ತಾನೇ ನಿಂತು ಕಟ್ಟಿಸಿದ ಮನೆಯ ನಡುಮನೆಯಲ್ಲಿ ಕೂತು, ಪಂಚೆ ಅಂಗಿ ಗಂಟು ಕಟ್ಟಿಕೊಂಡು, "ಕತ್ತಲಾಯ್ತದೆ ಕಣ್ರಪ್ಪ, ನಮ್ಮನೆಗೆ ಕರ್ಕೊಂಡೋಗಿ ಬುಟ್‌ಬುಡಿ" ಅಂತ ಕೈ ಮುಗಿಯುತ್ತಿದ್ದ. ಕೈ ಮುಗಿಯುತ್ತಿದ್ದದ್ದು ನನಗೆ ಮತ್ತು ಅಣ್ಣನಿಗೆ. ಅಮ್ಮ ದಿನಾ "ನಾಳೆ ಹೋಗಾನ ಬುಡಿ" ಅಂತ ಗಂಟು ಬಿಚ್ಚಿಸುತ್ತಿದ್ದಳು. ನಾನು ಆ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ತೋಟಕ್ಕೆ ಹೋಗಿಬಿಡುತ್ತಿದ್ದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕೈ ಮಡಿಸಿ, ಬಿಡಿಸಿ, ಕಾರಿಡಾರಿನಲ್ಲಿ ನಡೆಸಿ, "ಇದು ಪಾರ್ಕಿನ್ಸನ್" ಅಂದಾಗ ನಾನು ಕೇಳಿದ್ದು ಒಂದೇ ಮಾತು. "ತಲೆ ಹೋಗುತ್ತಾ?"

ಅವರು ನಯವಾಗಿ ಮಾತಾಡುವವರು. "ಎಲ್ಲರಿಗೂ ಹಾಗಾಗಲ್ಲ. ಕೆಲವರಿಗೆ ಯೋಚನೆ ನಿಧಾನ ಆಗುತ್ತೆ, ಗಮನ ನಿಲ್ಲಲ್ಲ. ಇನ್ನು ಕೆಲವರಿಗೆ ಮುಂದೆ ಮರೆವು ಬರಬಹುದು. ಈಗಲೇ ಹೇಳೋಕಾಗಲ್ಲ" ಅಂದರು.

ಕೈ ನಡುಗಲಿ, ಕಾಲು ಎಳೆಯಲಿ, ಬೇಕಾದರೆ ಮಂಚ ಹಿಡಿಯುತ್ತೇನೆ, ತಲೆ ಒಂದು ಉಳಿಸಿಕೊಡಿ ತಾಯಿ ಅಂದೆ. ಹೆಂಡತಿ ಪಕ್ಕದಲ್ಲಿ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. ಆಗ ಡಾಕ್ಟರಮ್ಮ ಡ್ರಾಯರ್ ಎಳೆದು ಒಂದು ಸಿ.ಡಿ. ತೆಗೆದರು. ಮೈಗೆ ಹೇಗೆ ವ್ಯಾಯಾಮವೋ ಮಿದುಳಿಗೂ ಹಾಗೇ ಬೇಕು, ಇದರಲ್ಲಿ ಅದಕ್ಕೆ ಅಂತಲೇ ಮಾಡಿದ ಆಟಗಳಿವೆ, ಕಂಪ್ಯೂಟರಿಗೆ ಹಾಕಿ ವಾರಕ್ಕೆ ಮೂರು ಸಲ ಮಾಡಿ ಅಂದರು. "ಇದರಿಂದ ಕಾಯಿಲೆ ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ಗಮನ, ನೆನಪು ಸ್ವಲ್ಪ ಚುರುಕಾಗಬಹುದು. ಪ್ರಯತ್ನ ಮಾಡೋಣ."

ಕಂಪ್ಯೂಟರ್ ನಮ್ಮ ಮನೆಯಲ್ಲೆಲ್ಲಿತ್ತು? ನುಸಿ ರೋಗ ಬಂದು ತೆಂಗಿನಕಾಯಿ ಗಿಡ್ಡವಾಗಿ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದ ಕಾಲ ಅದು. ಹಾಲ್ಕುರಿಕೆ ಕಡೆಯ ನಮ್ಮೂರಲ್ಲಿ ಫೋನಿದ್ದದ್ದೇ ಕೆಲವರ ಮನೆಯಲ್ಲಿ. ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ ಒಬ್ಬರು ಸಾಬರಿದ್ದರು, ಭಾಯ್ ಅಂತ ಕರೆಯುತ್ತಿದ್ದೆವು. ನಮ್ಮ ಮಂಡಿಯ ರೇಡಿಯೋ ಅವರಪ್ಪನ ಕಾಲದಿಂದ ಅವರ ಅಂಗಡಿಯಲ್ಲೇ ರಿಪೇರಿ. ಅವರು ಆಗಷ್ಟೇ ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಜಾತಕ, ಮದುವೆ ಕಾರ್ಡು, ಪರೀಕ್ಷೆ ರಿಸಲ್ಟು ತೆಗೆದುಕೊಡುತ್ತಿದ್ದರು. ಸಿ.ಡಿ. ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಹಾಕಣ ಬನ್ನಿ ಯಜಮಾನ್ರೇ. ಕರೆಂಟ್ ಒಂದು ನಮ್ ಕೈಲಿಲ್ಲ" ಅಂದರು.

ಮೊದಲ ದಿನ ನನ್ನ ಜೊತೆ ಅಣ್ಣ ಬಂದಿದ್ದ. ಅಣ್ಣ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಮಾತು ಕಮ್ಮಿ. ನಾನು ಕುರ್ಚಿಯಲ್ಲಿ ಕೂತ ತಕ್ಷಣ ಎಡಗೈ ಮೇಜಿನ ಕಾಲಿಗೆ ಟಕಟಕ ಬಡಿಯೋಕೆ ಶುರುವಾಯ್ತು. ಯಾರಾದರೂ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಅದಕ್ಕೆ ಇನ್ನೂ ಜೋರು. ಹೊರಗಡೆ ರಿಸಲ್ಟಿಗೆ ಅಂತ ಬಂದ ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯ್ತು. ಅಣ್ಣ ಸ್ಟೂಲ್ ಎಳೆದುಕೊಂಡು ನನ್ನ ಎಡಕ್ಕೆ ಅಂಟಿ ಕೂತ, ಹೆಗಲ ಮೇಲಿದ್ದ ಟವಲನ್ನು ಇಬ್ಬರ ತೊಡೆಯ ಮೇಲೂ ಹರವಿದ, ಅದರ ಕೆಳಗೆ ನನ್ನ ಕೈ ಹಿಡಿದುಕೊಂಡ. ನಡುಕ ಅರ್ಧ ಇಳಿಯಿತು.

ಹಾಗೆ ಕೂರುವುದು ನಮಗೆ ಹೊಸದಲ್ಲ. ದನದ ವ್ಯಾಪಾರದಲ್ಲಿ ದಲ್ಲಾಳಿಗಳು ಟವಲ್ ಮುಚ್ಚಿಕೊಂಡು ಬೆರಳು ಹಿಡಿದು ಬೆಲೆ ಹೇಳುವುದನ್ನು ನೀವು ನೋಡಿರುತ್ತೀರಿ. ಅಪ್ಪ ಅದನ್ನೇ ಸ್ವಲ್ಪ ಬದಲಾಯಿಸಿ ನಮ್ಮಿಬ್ಬರಿಗೆ ತೆಂಗಿನ ವ್ಯಾಪಾರಕ್ಕೆ ಹೇಳಿಕೊಟ್ಟಿದ್ದ. ನಮ್ಮದು ಚೇಣಿ ವ್ಯಾಪಾರ. ಕಾಯಿ ಮರದ ಮೇಲಿರುವಾಗಲೇ ಇಡೀ ತೋಟಕ್ಕೆ ಇಷ್ಟು ಅಂತ ಮಾತಾಡಿಕೊಂಡು, ಕೆಡವಿಸಿ, ಅಟ್ಟಕ್ಕೆ ಹಾಕಿ, ಕೊಬ್ಬರಿಯಾದ ಮೇಲೆ ಮಾರುವುದು. ದಬ್ಬೇಘಟ್ಟದ ಕಡೆ ಯಾವುದಾದರೂ ತೋಟದ ಯಜಮಾನನ ಜಗಲಿಯ ಮೇಲೆ ಅಣ್ಣ ತಮ್ಮ ಹೀಗೇ ಒತ್ತಿಕೊಂಡು ಕೂರುತ್ತಿದ್ದೆವು. ಮಾತು ನನ್ನದು, ಲೆಕ್ಕ ಅಣ್ಣನದು. ಟವಲ್ ಕೆಳಗೆ ಅವನ ಕೈಯೊಳಗೆ ನನ್ನ ಎಡಗೈ. ಅವನು ಬೆರಳು ಒತ್ತಿದರೆ ಹೂಂ, ಒಪ್ಪಿಕೋ ಅಂತ. ಸಡಿಲ ಬಿಟ್ಟರೆ ಬೇಡ ಅಂತ. ಮೀಸೆ ಬರುವ ಮೊದಲಿನಿಂದ ಹೀಗೆ ಮಾಡಿ ಮಾಡಿ, ಅವನು ಒತ್ತಿದ್ದು ನನಗೆ ಕೈಗೆ ತಿಳಿಯುವುದೇ ನಿಂತುಹೋಗಿತ್ತು. ಅಲ್ಲಿ ಒತ್ತಿದರೆ ಇಲ್ಲಿ ಬಾಯಲ್ಲಿ ಮಾತು ಬಂದುಬಿಡುತ್ತಿತ್ತು.

ಆಟ ಸುಲಭದ್ದೇ, ಕೇಳೋಕೆ. ಪರದೆ ಮೇಲೆ ಒಂದೊಂದೇ ಚಿತ್ರ ಬರುತ್ತದೆ. ಕೊಡೆ, ಬೀಗ, ಹಸು, ನಲ್ಲಿ. ಆಗಲೇ ಒಂದು ಸಲ ಬಂದಿದ್ದ ಚಿತ್ರ ಮತ್ತೆ ಬಂದರೆ ಕೀಬೋರ್ಡಿನ ಉದ್ದನೆಯ ಗುಂಡಿ ಒತ್ತಬೇಕು, ಹೊಸದಾದರೆ ಸುಮ್ಮನಿರಬೇಕು. ಇನ್ನೊಂದರಲ್ಲಿ ಹಸಿರು ಗುಂಡು ಬಂದರೆ ಒತ್ತಬೇಕು, ಕೆಂಪಾದರೆ ಬಿಡಬೇಕು. ಬರಬರುತ್ತಾ ಜೋರಾಗುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಭಾಯ್ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮಿದುಳಿಗೆ ಗರಡಿಮನೆ ಅಂತ ನಾನು ತಮಾಷೆ ಮಾಡಿದೆ. ಒಳಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಅಪ್ಪನ ಗಂಟು ಕಣ್ಣೆದುರಿಗೇ ಇತ್ತು.

ಆಟ ಮುಗಿದು ಮಾರ್ಕ್ಸ್ ಬಂದಾಗ ಭಾಯ್ ತೊಡೆ ತಟ್ಟಿದರು. "ಏನ್ ಯಜಮಾನ್ರೇ, ನಮ್ ಹುಡುಗ್ರಿಗೂ ಇಷ್ಟು ಬರಲ್ಲ." ನನಗೆ ಎಷ್ಟು ಸಂತೋಷವಾಯ್ತು ಅಂದರೆ ವಾಪಸ್ ಬರುವಾಗ ಅಣ್ಣನಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದೆ. ಅವನು ಯಾಕೆ ಅಂತ ಕೇಳಲಿಲ್ಲ, ತಿಂದ.

ಆಮೇಲೆ ಅದೇ ಅಭ್ಯಾಸವಾಯ್ತು. ಮಂಡಿಯಲ್ಲಿ ಕೊಬ್ಬರಿ ಹರಾಜಿಲ್ಲದ ದಿನ ನೋಡಿಕೊಂಡು ಇಬ್ಬರೂ ಬಸ್ ಹತ್ತುವುದು, ಭಾಯ್ ಅಂಗಡಿಯ ಒಳಕೋಣೆ, ಟವಲ್, ಆಟ. ಮಾರ್ಕ್ಸನ್ನು ಭಾಯ್ ಇ-ಮೇಲ್‌ನಲ್ಲಿ ಡಾಕ್ಟರಮ್ಮನಿಗೆ ಕಳಿಸುತ್ತಿದ್ದರು. ಒಂದು ಸಲ ಮೇಲೆ ಹೋದದ್ದು ಇಳಿಯಲೇ ಇಲ್ಲ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರಮ್ಮನೂ ಮಾರ್ಕ್ಸ್ ನೋಡಿ ಖುಷಿಪಟ್ಟರು. ನಡುಕಕ್ಕೆ ಇನ್ನೊಂದು ಮಾತ್ರೆ ಇದೆ, ಕೆಲವರಿಗೆ ಅದು ತಲೆ ಮಂಕು ಮಾಡುತ್ತೆ ಅಂತ ಕೊಟ್ಟಿರಲಿಲ್ಲ, ನಿಮ್ಮ ತಲೆ ಚುರುಕಾಗೇ ಇದೆಯಲ್ಲ, ನೋಡೋಣ ಅಂತ ಬರೆದುಕೊಟ್ಟರು.

ಮಾತ್ರೆ ನಡುಕವನ್ನೇನೋ ಇಳಿಸಿತು. ಆದರೆ ಬೇರೆ ಏನೇನೋ ಆಗೋಕೆ ಶುರುವಾಯ್ತು. ಅಟ್ಟ ಹತ್ತಿದವನು ಯಾಕೆ ಹತ್ತಿದೆ ಅಂತ ತಿಳಿಯದೆ ಕಾಯಿಯ ನಡುವೆ ನಿಂತುಬಿಡುತ್ತಿದ್ದೆ. ಹೆಂಡತಿ ಕೆಳಗಿನಿಂದ "ಏನ್ ಮಾಡ್ತಿದ್ದೀರಾ ಅಲ್ಲಿ?" ಅಂತ ಕೂಗಿದರೆ, "ನಿನ್ ತಲೆ ಮಾಡ್ತಿದೀನಿ" ಅಂತ ರೇಗುತ್ತಿದ್ದೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಮಧ್ಯಾಹ್ನ, ಹುಟ್ಟಿದಾಗಿನಿಂದ ಹತ್ತಿ ಇಳಿದಿರುವ ಜಾಗ ಅದು, ನಮ್ಮೂರಿನ ಬಸ್ಸು ಯಾವ ಕಡೆ ನಿಲ್ಲುತ್ತೆ ಅಂತ ಹೊಳೆಯಲಿಲ್ಲ. ಯಾರನ್ನಾದರೂ ಕೇಳೋಣ ಅಂದರೆ, ಕೇಳಿದರೆ ನಿಜವಾಗಿಬಿಡುತ್ತದಲ್ಲ ಅಂತ ಬಾಯಿ ಬರಲಿಲ್ಲ. ಅಣ್ಣ ವೀಳ್ಯದೆಲೆ ತೆಗೆದುಕೊಂಡು ಬರುವವರೆಗೂ ಕಂಬ ಹಿಡಿದು ನಿಂತಿದ್ದೆ. ಮನೆಗೆ ಬಂದು ಒಬ್ಬನೇ ಕೂತು ಲೆಕ್ಕ ಹಾಕಿದೆ: ತಲೆ ಹೋಗುತ್ತಿದ್ದರೆ ಕಂಪ್ಯೂಟರಿನಲ್ಲಿ ಇಷ್ಟು ಮಾರ್ಕ್ಸ್ ಹೇಗೆ ಬರುತ್ತೆ? ಮೆಷಿನ್ನು ಸುಳ್ಳು ಹೇಳುತ್ತಾ? ಅದೊಂದೇ ನನಗಿದ್ದ ಧೈರ್ಯ.

ಅದೂ ಎಷ್ಟು ದಿನ? ಮುಂದಿನ ಸಲ ಹೋದಾಗ, ಈ ಸಲ ಇಲ್ಲೇ ಒಂದು ಪರೀಕ್ಷೆ ಮಾಡೋಣ ಅಂದರು ಡಾಕ್ಟರಮ್ಮ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್. ಒಬ್ಬರು ನರ್ಸಮ್ಮ, "ಜೊತೆಗೆ ಬಂದೋರು ಹೊರಗೆ ಕೂತ್ಕೊಳ್ಳಿ" ಅಂದರು. ಅಣ್ಣ, ನನ್ನ ಹೆಂಡತಿ ಇಬ್ಬರೂ ಹೊರಗೆ ಉಳಿದರು. ನಾನು ಗತ್ತಿನಿಂದಲೇ ಒಳಗೆ ಹೋದೆ. ಚಿತ್ರಗಳು ಬೇರೆ, ಆಟ ಅದೇ.

ಗಡಿಯಾರ ಬಂತು. ಮೀನು ಬಂತು. ಏಣಿ ಬಂತು. ಮತ್ತೆ ಮೀನು. ಮತ್ತೆಯಾ, ಇದೇ ಮೊದಲಾ? ಯೋಚನೆ ಮಾಡುವಷ್ಟರಲ್ಲಿ ಹೋಯ್ತು. ಮುಂದಿನದು ಬಂತು, ಅದೂ ಹೋಯ್ತು. ಒತ್ತಬೇಕಾದಲ್ಲಿ ಬಿಟ್ಟೆ, ಬಿಡಬೇಕಾದಲ್ಲಿ ಒತ್ತಿದೆ. ಅಷ್ಟರಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ಎಡಗೈ ತೊಡೆಯ ಮೇಲೆ ಅಂಗೈ ಮೇಲೆ ಮಾಡಿಕೊಂಡು ಬಿದ್ದಿತ್ತು, ನಡುಗುತ್ತಾ. ಒಂದೊಂದು ಚಿತ್ರ ಬಂದಾಗಲೂ ಅದು ಯಾರೋ ಏನೋ ಹೇಳಲಿ ಅಂತ ಕಾಯುತ್ತಿತ್ತು. ನಾನೂ ಕಾಯುತ್ತಿದ್ದೆ.

ಡಾಕ್ಟರಮ್ಮ ಮಾರ್ಕ್ಸ್ ನೋಡಿದರು, ನನ್ನ ಮುಖ ನೋಡಿದರು. "ಪ್ರಯಾಣ ಮಾಡಿ ಸುಸ್ತಾಗಿರಬೇಕು" ಅಂದರು. ಅದು ಅವರ ಒಳ್ಳೆಯತನ. ಹೊಸ ಮಾತ್ರೆ ಅರ್ಧಕ್ಕೆ ಇಳಿಸಿ, ಮುಂದಿನ ತಿಂಗಳು ಮತ್ತೆ ಬನ್ನಿ ಅಂತ ಹೇಳಿ ಕಳಿಸಿದರು.

ರೈಲಿನಲ್ಲಿ ವಾಪಸ್ ಹೊರಟೆವು. ಹೆಂಡತಿ ಕಿಟಕಿಗೆ ಒರಗಿ ತೂಕಡಿಸುತ್ತಿದ್ದಳು. ಗುಬ್ಬಿ ದಾಟಿದ ಮೇಲೆ ನನ್ನ ಕೈ ನಡುಗುವುದು ಕಂಡು ಅಣ್ಣ ಎಂದಿನಂತೆ ಟವಲ್ ಹಾಕಿ ಹಿಡಿದುಕೊಂಡ. ಅವನು ಹಿಡಿದ ಕೂಡಲೇ ನನಗೆ ಎಲ್ಲ ಗೊತ್ತಾಗಿಹೋಯ್ತು. ಗೊತ್ತಾದ ಮೇಲೂ, ಇರಲಾರದು, ಹಾಗೆಲ್ಲ ಆಗೋಕೆ ಸಾಧ್ಯವೇ ಅಂತ ತಿಪಟೂರು ಬರುವವರೆಗೂ ನನ್ನ ಜೊತೆ ನಾನೇ ಜಗಳ ಆಡಿದೆ.

ಮಾರನೇ ದಿನವೇ ಅಣ್ಣನನ್ನು ಹೊರಡಿಸಿಕೊಂಡು ಭಾಯ್ ಅಂಗಡಿಗೆ ಹೋದೆ. ಏನೂ ಹೇಳಲಿಲ್ಲ. ಎಂದಿನ ಹಾಗೆ ಕೂತೆವು, ಎಂದಿನ ಹಾಗೆ ಟವಲ್. ಭಾಯ್ ಚಿತ್ರದ ಆಟ ಹಾಕಿಕೊಟ್ಟು ಹೊರಗಿನ ಗಿರಾಕಿ ಕಡೆ ಹೋದರು. ಮೊದಲ ಚಿತ್ರ ಬಂತು, ಕೊಡೆ. ನಾನು ಕಣ್ಣು ಮುಚ್ಚಿಕೊಂಡೆ.

ಕತ್ತಲೆಯಲ್ಲಿ ನನಗೆ ಕೇಳಿಸುತ್ತಿದ್ದದ್ದು ಕಂಪ್ಯೂಟರಿನ ಗುಯ್ ಅನ್ನುವ ಸದ್ದು ಮತ್ತು ಅಣ್ಣನ ಉಸಿರು. ಪರದೆ ಮೇಲೆ ಏನು ಬರುತ್ತಿದೆ, ಏನು ಹೋಗುತ್ತಿದೆ, ನನಗೆ ಗೊತ್ತಿಲ್ಲ. ಗಮನವನ್ನೆಲ್ಲ ಎಡಗೈಗೆ ಇಳಿಸಿದೆ. ಸುಮ್ಮನಿತ್ತು, ಸುಮ್ಮನಿತ್ತು, ಆಮೇಲೆ ಒಂದು ಬೆರಳು, ಎಷ್ಟು ಹಗುರ ಅಂದರೆ ಹುಡುಕಿದರೆ ಮಾತ್ರ ಸಿಗುವಷ್ಟು, ಒತ್ತಿತು. ಬಲಗೈ ಗುಂಡಿ ಒತ್ತಿತು. ಹೀಗೇ ಕೊನೆಯವರೆಗೂ ಹೋದೆ. ಬೆರಳು ಒತ್ತಿದರೆ ಒತ್ತಿದೆ, ಬಿಟ್ಟರೆ ಬಿಟ್ಟೆ.

ಭಾಯ್ ಒಳಗೆ ಬಂದ ಸದ್ದಾಯ್ತು. "ಮಾಷಾ ಅಲ್ಲಾ, ಇವತ್ತು ಒಂದೂ ತಪ್ಪಿಲ್ಲ ಯಜಮಾನ್ರೇ."

ಕಣ್ಣು ಬಿಟ್ಟೆ. ಆಟ ಮುಗಿದಿತ್ತು, ಅಣ್ಣ ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದ.

"ಕಣ್ ಯಾಕ್ಲಾ ಮುಚ್ಕಂಡಿದ್ದೆ?" ಅಂದ.

"ನೀನ್ ಯಾಕಣ್ಣ ಒತ್ತುದೆ?" ಅಂದೆ.

"ನಾನೆಲ್ಲಿ ಒತ್ತುದೆ?"

"ಸುಳ್ ಹೇಳ್ಬೇಡ."

"ಅಪ್ಪನಾಣೆ ಕಣ್ಲಾ. ನಾನ್ ಸುಮ್ಕೆ ಚಿತ್ರ ನೋಡ್ತಾ ಕುಂತಿದ್ದೆ." ಟವಲ್ ಸರಿಸಿ ತನ್ನ ಕೈಯನ್ನು ತಾನೇ ನೋಡಿಕೊಂಡ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಣ್ಣನ ಮುಖ ನನಗೆ ಗೊತ್ತಿಲ್ಲವಾ? ಅವನ ತಲೆಗೆ ಹೂಂ ಅನ್ನಿಸಿದ್ದು ಅವನಿಗೇ ಗೊತ್ತಿಲ್ಲದೆ ಬೆರಳಿಗೆ ಇಳಿಯುತ್ತಿತ್ತು, ನನಗೇ ಗೊತ್ತಿಲ್ಲದೆ ನನ್ನ ಕೈಗೆ ಹತ್ತುತ್ತಿತ್ತು. ಅಷ್ಟು ತಿಂಗಳು ಆ ಕುರ್ಚಿಯಲ್ಲಿ ಕೂತು ಚುರುಕಾಗಿದ್ದದ್ದು ಅಣ್ಣನ ಮಿದುಳು. ನನ್ನದು ಏನಾಗಿದೆ ಅಂತ ಯಾರೂ ನೋಡೇ ಇರಲಿಲ್ಲ.

ನಾನು ಬೈದೆ. ಭಾಯ್ ಎದುರಿಗೇ, ಅಂಗಡಿಯ ಬಾಗಿಲಲ್ಲಿ ಜನ ನಿಂತಿದ್ದಾಗಲೇ, ಹೆತ್ತ ತಾಯಿ ಕೇಳಬಾರದ ಮಾತೆಲ್ಲ ಆಡಿದೆ. ನನ್ನ ಮನೆ ಹಾಳು ಮಾಡ್ದೆ, ಮಾತ್ರೆ ತಿನ್ಸಿ ಕೊಂದೆ, ನಿನ್ ಜಾಣತನ ನೀನೇ ಇಟ್ಕ ಅಂದೆ. ಅವನು ಟವಲ್ ಮಡಿಸಿ ಹೆಗಲಿಗೆ ಹಾಕಿಕೊಂಡು, "ನಡಿ, ಬಸ್ ಹೊಂಟೋಯ್ತದೆ" ಅಂದ. ನಾನು ಮನೆಗೆ ಬಂದು ದನದ ಕೊಟ್ಟಿಗೆಯಲ್ಲಿ ನಿಂತು ಅತ್ತೆ. ಹಸುವಿನ ಕೊರಳು ಹಿಡಿದುಕೊಂಡು, ಚಿಕ್ಕ ಮಗು ಅಳುವ ಹಾಗೆ. ಹೆದರಿಕೆ ಅಂದರೆ ಏನು ಅಂತ ನನಗೆ ಆವತ್ತು ಸರಿಯಾಗಿ ತಿಳಿಯಿತು.

ಮಾರನೇ ದಿನ ಡಾಕ್ಟರಮ್ಮನಿಗೆ ಭಾಯ್ ಅಂಗಡಿಯಿಂದಲೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಇದನ್ನ ನಾನು ಎಲ್ಲೂ ಕೇಳಿಲ್ಲ" ಅಂದರು. ನಗಲಿಲ್ಲ, ಪುಣ್ಯ. ಆ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ, ಇಷ್ಟಿಷ್ಟೇ ಇಳಿಸಿ ನಿಲ್ಲಿಸಿ ಅಂದರು, ಹೇಗೆ ಅನ್ನುವುದನ್ನೂ ಹೇಳಿದರು. ಆಟವನ್ನು ಮೊದಲಿನಿಂದ ಶುರು ಮಾಡಿ, ಒಬ್ಬರೇ. ಕಡಿಮೆ ಬಂದರೆ ಬರಲಿ, ನಿಮ್ಮದು ಎಷ್ಟು ಅಂತ ಗೊತ್ತಾದರೆ ತಾನೆ ಏನಾದರೂ ಮಾಡೋಕಾಗೋದು ಅಂದರು. ಕೊನೆಯಲ್ಲಿ ಒಂದು ಮಾತು ಸೇರಿಸಿದರು. "ಇಲ್ಲದೇ ಇರೋದು ಏನಾದರೂ ಇರೋ ಹಾಗೆ ಕಂಡರೆ, ಮನುಷ್ಯರೋ, ಪ್ರಾಣಿಗಳೋ, ಮುಚ್ಚಿಡಬೇಡಿ. ತಕ್ಷಣ ತಿಳಿಸಿ." ಹೂಂ ಅಂದು ಫೋನ್ ಇಟ್ಟೆ.

ಒಬ್ಬನೇ ಕೂತ ಮೊದಲ ದಿನ ಬಂದ ಮಾರ್ಕ್ಸ್ ನೋಡಿ ಭಾಯ್ ಪರದೆಯನ್ನು ಬೇಗ ಬೇರೆ ಕಡೆ ತಿರುಗಿಸಿದರು. ನಾನು ನೋಡಿಬಿಟ್ಟಿದ್ದೆ. ಆಮೇಲೂ ಬಿಡಲಿಲ್ಲ. ಹೆಂಡತಿ ಜೊತೆಗೆ ಬಂದು ಹೊರಗಡೆ ಬೆಂಚಿನ ಮೇಲೆ ಬತ್ತಿ ಹೊಸೆಯುತ್ತಾ ಕೂರುತ್ತಿದ್ದಳು. ಎಡಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅದರ ಮೇಲೆ ಕೂರುತ್ತಿದ್ದೆ. ಕೊಡೆ ಬಂದರೆ ಬಾಯಲ್ಲಿ ಕೊಡೆ ಅನ್ನುತ್ತಿದ್ದೆ, ಬೀಗ ಬಂದರೆ ಬೀಗ. ಹಾಗೆ ಕೂಗಿ ಹೇಳಿದರೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅಂಗಡಿಗೆ ಬಂದವರು, ಒಳಗೆ ಯಾರೋ ವಯಸ್ಸಾದವರು ಅ ಆ ಇ ಈ ಕಲೀತಾ ಅವ್ರೆ ಅಂತ ಅಂದುಕೊಂಡಿರಬೇಕು. ಮಾತ್ರೆ ಬಿಟ್ಟ ಮೇಲೆ ಮಂಕು ಎಷ್ಟೋ ಹರಿಯಿತು, ಅದನ್ನು ಹೇಳಲೇಬೇಕು. ಬಸ್ಸು ಎಲ್ಲಿ ನಿಲ್ಲುತ್ತೆ ಅನ್ನುವುದು ಮತ್ತೆ ಮರೆಯಲಿಲ್ಲ. ಮಾರ್ಕ್ಸೂ ಇಷ್ಟಿಷ್ಟೇ ಹತ್ತಿತು, ಅಣ್ಣನ ಮಾರ್ಕ್ಸಿನ ಹತ್ತಿರಕ್ಕೆ ಎಂದೂ ಹೋಗಲಿಲ್ಲ. ಆಟದಲ್ಲಿ ಮೇಲೆ ಬಂದದ್ದು ಮನೆಯ ಕೆಲಸಕ್ಕೂ ಬರುತ್ತಾ ಅಂತ ಕೇಳಿದೆ. ಸ್ವಲ್ಪ ಬರಬಹುದು, ಖಾತ್ರಿ ಕೊಡೋಕಾಗಲ್ಲ ಅಂದರು ಡಾಕ್ಟರಮ್ಮ.

ಅಣ್ಣನ ಜೊತೆ ಮಾತು ನಿಂತಿರಲಿಲ್ಲ, ಆದರೆ ಕಮ್ಮಿಯಾಗಿತ್ತು. ತೋಟ ಮಾತಾಡೋಕೆ ಅವನು ಒಬ್ಬನೇ ಹೋಗಿ ಬರುತ್ತಿದ್ದ. ಮಾತು ಬರದವನು, ಅರ್ಧ ತೋಟ ಕೈತಪ್ಪಿ ಹೋಗುತ್ತಿತ್ತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನನ್ನ ಪಕ್ಕ ಕೂತರೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಕೂರುತ್ತಿದ್ದ. ಅದನ್ನು ನೋಡಲಾರದೆ ನಾನು ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಮುಂದಿನ ಬೇಸಿಗೆ. ಊಟವಾಗಿ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಒರಗಿದ್ದೆ. ಎದುರು ಕಂಬದ ಬುಡದಲ್ಲಿ ಒಂದು ಮೇಕೆಮರಿ ಮಲಗಿತ್ತು. ಕರಿ ಮರಿ, ಒಂದು ಕಿವಿ ಬಿಳಿ. ನಮ್ಮ ಮನೆಯಲ್ಲಿ ಮೇಕೆ ಇಲ್ಲ, ಪಕ್ಕದ ಮನೆಯವರದ್ದು ಇರಬೇಕು ಅಂದುಕೊಂಡು, "ಇದನ್ಯಾರೇ ಇಲ್ಲಿ ಬುಟ್ಟೋರು, ಹೊಡಿ ಆಚೆಗೆ" ಅಂತ ಹೆಂಡತಿಯನ್ನು ಕೂಗಿದೆ. ಅವಳು ಬಂದಳು. ನಾನು ತೋರಿಸಿದ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯ್ತು. ಆಮೇಲೆ ಸೆರಗು ಬೀಸಿ, "ಹುಶ್, ಹುಶ್" ಅಂದಳು. ಮರಿಯಿಂದ ಒಂದು ಮಾರು ದೂರಕ್ಕೆ, ಬರೀ ನೆಲಕ್ಕೆ. ಮರಿ ಅಲುಗಲಿಲ್ಲ. "ಹೋಯ್ತು ಕಣ್ರೀ" ಅಂದಳು.

ಡಾಕ್ಟರಮ್ಮ ಹೇಳಿದ್ದು ಇದನ್ನೇ. ಇಲ್ಲ, ಇರಲಾರದು, ಮರಿ ಇದೆ, ಇವಳಿಗೇ ಕಣ್ಣು ಮಂಜು. ಹೊಟ್ಟೆ ಏಳುತ್ತಿದೆ ಇಳಿಯುತ್ತಿದೆ, ಉಸಿರಾಡುತ್ತಿದೆ, ಇಷ್ಟು ಚೆನ್ನಾಗಿ ಕಾಣುತ್ತಿರುವುದು ಇಲ್ಲದೇ ಇರೋಕೆ ಹೇಗೆ ಸಾಧ್ಯ? ಎದ್ದು ಮುಟ್ಟಿ ನೋಡೋಣ ಅಂದರೆ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಮುಟ್ಟೋಕೆ ಧೈರ್ಯವೂ ಇರಲಿಲ್ಲ.

"ಅಣ್ಣನ್ನ ಕರಿ" ಅಂದೆ.

ಅಣ್ಣ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಹೆಂಡತಿ ಅವನಿಗೆ ಕಣ್ಣಲ್ಲೇ ಏನೋ ಹೇಳುತ್ತಿದ್ದಳು, ಹೂಂ ಅನ್ನಿ ಭಾವ, ಹೂಂ ಅಂದುಬಿಡಿ ಅಂತ. ನನಗೆ ಕಾಣಿಸಿತು. ನನ್ನನ್ನು ಸಂಕಟದಿಂದ ತಪ್ಪಿಸಬೇಕು ಅಂದರೆ ಅಣ್ಣ ಏನು ಬೇಕಾದರೂ ಹೇಳುತ್ತಾನೆ, ಅವನಿಗೇ ತಿಳಿಯದೆ ಹೇಳಿಬಿಡುತ್ತಾನೆ, ಅದೂ ಗೊತ್ತಿತ್ತು.

"ಅಣ್ಣ, ಆ ಕಂಬದ ಹತ್ರ ನೋಡು. ಮೇಕೆಮರಿ ಐತಾ?"

ಅವನು ನೋಡಿದ. ತುಂಬ ಹೊತ್ತು ನೋಡಿದ. ನಾನು ಎರಡು ಕೈಗಳನ್ನೂ ಅವನಿಂದ ದೂರ ಚಾಪೆಯ ಮೇಲೆ ಊರಿಕೊಂಡು ಕೂತಿದ್ದೆ.

"ಇಲ್ಲ ಕಣ್ಲಾ" ಅಂದ. "ಏನೂ ಇಲ್ಲ ಅಲ್ಲಿ."

ಹೇಳಿ, ಅಲ್ಲೇ ಜಗಲಿಯ ಅಂಚಿಗೆ ಕುಸಿದು ಕೂತು, ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಅಪ್ಪ ಸತ್ತಾಗಲೂ ಅವನು ಅತ್ತಿರಲಿಲ್ಲ. ನಾನು ಕಂಬದ ಕಡೆ ನೋಡಿದೆ. ಮರಿ ಅಲ್ಲೇ ಮಲಗಿತ್ತು, ಬಿಳಿ ಕಿವಿಯನ್ನು ಒಂದು ಸಲ ಒದರಿತು. ನಾನು ಅದನ್ನೇ ನೋಡುತ್ತಾ ಅಣ್ಣ ಹೇಳಿದ್ದನ್ನು ನಂಬಿದೆ.